ಹಳೆಯ ಮ್ಯಾಕ್‌ಗೂ ಲಿನಕ್ಸ್ ಸರ್ವರ್‌ಗೂ ಒಂದೇ ಫೋಲ್ಡರ್ ಹಂಚುವಾಗ ಯಾವ ಪ್ರೊಟೊಕಾಲ್ ಬಳಸಬೇಕು?

ಲಿನಕ್ಸ್ ಸರ್ವರ್‌ನ ಒಂದೇ ಫೋಲ್ಡರನ್ನು ನೆಟಾಟಾಕ್ (ಮ್ಯಾಕ್‌ಗಳಿಗೆ ಕಡತ ಹಂಚುವ ಸರ್ವರ್ ತಂತ್ರಾಂಶ) ಮೂಲಕ ಹಳೆಯ ಮ್ಯಾಕ್‌ಗಳಿಗೂ ಸಾಂಬಾ (ವಿಂಡೋಸ್‌ಗೆ ಅದೇ ಕೆಲಸ ಮಾಡುವ ತಂತ್ರಾಂಶ) ಮೂಲಕ ವಿಂಡೋಸ್‌ಗೂ ತೆರೆದಿಟ್ಟು, ಆದೇಶಗಳನ್ನು ಟೈಪ್ ಮಾಡುವ ಶೆಲ್‌ನಿಂದಲೂ ನಿರ್ವಹಿಸಬೇಕೆಂಬ ನಿಮ್ಮ ಯೋಜನೆಯನ್ನೇ ನಾನೂ ಒಂದು ಮುದ್ರಣ ವಿನ್ಯಾಸದ ಕಚೇರಿಯಲ್ಲಿ ಜಾರಿಗೆ ತಂದಿದ್ದೆ. ನೆಟ್‌ವರ್ಕ್‌ನಲ್ಲಿರುವ ಸರ್ವರ್‌ಗಳನ್ನು ಆರಿಸುವ ಮ್ಯಾಕ್‌ನ ಚೂಸರ್‌ನಲ್ಲಿ ನಮ್ಮ ಸರ್ವರ್ ಕಾಣಿಸಿಕೊಂಡಿತು, ಕಡತಗಳು ಎಲ್ಲ ಕಡೆಯಿಂದಲೂ ತೆರೆದುಕೊಂಡವು.

ಡಿಸ್ಕ್ ತುಂಬುತ್ತ ಬಂದಾಗ ಫಾಂಟ್‌ಗಳ ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋಲ್ಡರಿನೊಳಗೆ ಹೋಗಿ, ನಕಲು ಮಾಡುವ ಸಿಪಿ (cp) ಆದೇಶಕ್ಕೆ, ಎಲ್ಲ ಹೆಸರುಗಳನ್ನೂ ಒಟ್ಟಿಗೆ ಆರಿಸಲು ಬಳಸುವ ನಕ್ಷತ್ರ ಚಿಹ್ನೆ (*) ಕೊಟ್ಟು ನಕಲು ಮಾಡಿದೆ. ದೋಷಸಂದೇಶ ಒಂದೂ ಬರಲಿಲ್ಲ. ಎರಡೂ ಕಡೆ ಕಡತಗಳನ್ನು ಎಣಿಸಿದೆ, ಸಂಖ್ಯೆ ತಾಳೆಯಾಯಿತು, ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ಮ್ಯಾಕ್‌ನಲ್ಲಿ ಫೋಲ್ಡರ್ ತೆರೆದಾಗ ಪ್ರತಿಯೊಂದು ಫಾಂಟೂ ಶೂನ್ಯ ಬೈಟಿನ, ಖಾಲಿ ಹಾಳೆಯ ಐಕಾನಿನ ಕಡತವಾಗಿತ್ತು.

ಆದದ್ದೇನೆಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಹಳೆಯ ಮ್ಯಾಕ್ ಕಡತಕ್ಕೆ ಎರಡು ಭಾಗಗಳಿರುತ್ತವೆ: ಡೇಟಾ ಫೋರ್ಕ್ ಮತ್ತು ರಿಸೋರ್ಸ್ ಫೋರ್ಕ್. ಇವುಗಳ ಜೊತೆಗೆ, ಕಡತ ಯಾವ ಬಗೆಯದು, ಯಾವ ತಂತ್ರಾಂಶ ಅದನ್ನು ಸೃಷ್ಟಿಸಿತು ಎಂದು ತಿಳಿಸುವ ನಾಲ್ಕು ನಾಲ್ಕು ಅಕ್ಷರಗಳ ಸಂಕೇತಗಳೂ ಇರುತ್ತವೆ. ಯುನಿಕ್ಸ್ ಕಡತದಲ್ಲಿ ಇವಕ್ಕೆ ಜಾಗವಿಲ್ಲದ ಕಾರಣ, ನೆಟಾಟಾಕ್ 2 ಡೇಟಾ ಫೋರ್ಕನ್ನು ಮಾತ್ರ ಮೂಲ ಹೆಸರಿನಲ್ಲಿ ಇಟ್ಟು, ಉಳಿದದ್ದನ್ನು ಚುಕ್ಕಿಯಿಂದ ಆರಂಭವಾಗುವ ಆಪಲ್‌ಡಬಲ್ ಎಂಬ ಉಪಫೋಲ್ಡರಿನಲ್ಲಿ ಸೇರಿಸುತ್ತದೆ. ಶೆಲ್‌ನ ನಕ್ಷತ್ರ ಚಿಹ್ನೆ ಚುಕ್ಕಿಯಿಂದ ಆರಂಭವಾಗುವ ಹೆಸರುಗಳನ್ನು ಆರಿಸುವುದಿಲ್ಲ. ಕಡತಗಳ ಪಟ್ಟಿ ಕೊಡುವ ಎಲ್‌ಎಸ್ (ls) ಆದೇಶ ಸಹ ಅವನ್ನು ತೋರಿಸುವುದಿಲ್ಲ. ಅಂದಿನ ಟೈಪ್ 1 ಫಾಂಟ್‌ಗಳ ಸತ್ವವೆಲ್ಲ ಇರುತ್ತಿದ್ದದ್ದು ರಿಸೋರ್ಸ್ ಫೋರ್ಕ್‌ನಲ್ಲೇ. ಆದ್ದರಿಂದ ನಾನು ಗಾತ್ರಗಳನ್ನು ಎಲ್‌ಎಸ್‌ನಿಂದ ಹೋಲಿಸಿದ್ದರೂ ಎರಡೂ ಕಡೆ ಸೊನ್ನೆಯೇ ಕಾಣುತ್ತಿತ್ತು. ಡಿಯು (du) ಆದೇಶದಿಂದ ಇಡೀ ಫೋಲ್ಡರಿನ ಗಾತ್ರ ನೋಡಿದ್ದರೆ ಮಾತ್ರ ವ್ಯತ್ಯಾಸ ಕಣ್ಣಿಗೆ ಬೀಳುತ್ತಿತ್ತು. ಇಡೀ ಫೋಲ್ಡರಿನ ಹೆಸರು ಕೊಟ್ಟು ಸಿಪಿ ಆದೇಶವನ್ನು ಒಳಗಿನ ಫೋಲ್ಡರ್‌ಗಳನ್ನೂ ಸೇರಿಸುವ ಹೈಫನ್ ಆರ್ (-r) ಆಯ್ಕೆಯೊಂದಿಗೆ ನಡೆಸಿದ್ದರೆ ಎಲ್ಲವೂ ಬರುತ್ತಿತ್ತು. ಬೇರೆ ಫೋಲ್ಡರ್‌ಗಳನ್ನು ಹಾಗೆಯೇ ಸಾಗಿಸಿದ್ದೆ, ಅವು ಸುರಕ್ಷಿತವಾಗಿದ್ದವು. ಕಳೆದುಹೋದ ಫಾಂಟ್‌ಗಳಲ್ಲಿ ಕೆಲವಕ್ಕೆ ಬೇರೆ ಪ್ರತಿಯೇ ಇರಲಿಲ್ಲ.

ಹೀಗಾಗಿ ಯಾವ ಪ್ರೊಟೊಕಾಲ್ ಉತ್ತಮ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಆ ಮ್ಯಾಕ್‌ಗಳಿಗೆ ಸಹಜವಾದದ್ದು ನೆಟಾಟಾಕ್ ಬಳಸುವ ಎಎಫ್‌ಪಿ, ಅಂದರೆ ಆಪಲ್‌ನದೇ ಕಡತ ಹಂಚಿಕೆಯ ಪ್ರೊಟೊಕಾಲ್. ವಿಂಡೋಸ್ ಬಳಸುವ ಎಸ್‌ಎಂಬಿಗಾಗಲಿ ಯುನಿಕ್ಸ್ ಬಳಸುವ ಎನ್‌ಎಫ್‌ಎಸ್‌ಗಾಗಲಿ ಹೊರಗಿನ ತಂತ್ರಾಂಶ ಬೇಕು, ಅಲ್ಲಿಗೆ ಆ ಚರ್ಚೆ ಮುಗಿಯಿತು. ತೀರ್ಮಾನವಾಗಬೇಕಾದದ್ದು ಆ ಕಡತಗಳನ್ನು ಯಾರು ಮುಟ್ಟಬಹುದು ಎಂಬುದು. ಮ್ಯಾಕ್‌ಗಳ ಫೋಲ್ಡರನ್ನು ನೆಟಾಟಾಕ್‌ಗೆ ಮಾತ್ರ ಬಿಟ್ಟುಕೊಡಿ. ವಿಂಡೋಸ್‌ಗೆ ಬೇರೆ ಫೋಲ್ಡರ್ ಮಾಡಿ, ಎರಡರ ನಡುವೆ ಹೋಗಬೇಕಾದ ಮ್ಯಾಕ್ ಕಡತಗಳನ್ನು ಮ್ಯಾಕ್‌ನಲ್ಲೇ ಸ್ಟಫ್‌ಇಟ್ ಎಂಬ ಸಂಕುಚಿಸುವ ತಂತ್ರಾಂಶದಿಂದ ಕಟ್ಟಿ, ಎರಡೂ ಫೋರ್ಕ್‌ಗಳನ್ನು ಒಂದೇ ಕಡತದಲ್ಲಿ ಸೇರಿಸುವ ಮ್ಯಾಕ್‌ಬೈನರಿ ರೂಪದಲ್ಲಿ ಕಳುಹಿಸಿ. ಶೆಲ್‌ನಿಂದ ಹೆಸರು ಬದಲಿಸಲೂ ಹೋಗಬೇಡಿ, ಏಕೆಂದರೆ ಮರೆಯಲ್ಲಿರುವ ಜೊತೆಕಡತ ಹಳೆಯ ಹೆಸರಿನಲ್ಲೇ ಉಳಿದು ಅನಾಥವಾಗುತ್ತದೆ.

ಆವೃತ್ತಿಯ ಬಗ್ಗೆಯೂ ಎಚ್ಚರವಿರಲಿ. 2012ರಲ್ಲಿ ಬಂದ ನೆಟಾಟಾಕ್ 3 ಆಪಲ್‌ಟಾಕ್ (ಹಳೆಯ ಮ್ಯಾಕ್‌ಗಳ ನೆಟ್‌ವರ್ಕ್ ಪದ್ಧತಿ) ಬೆಂಬಲವನ್ನು ಕೈಬಿಟ್ಟಿತು, 2024ರ 4ನೇ ಆವೃತ್ತಿ ಅದನ್ನು ಮರಳಿ ತಂದಿತು. ನಿಮ್ಮ ಮ್ಯಾಕ್‌ನಲ್ಲಿ ಸರ್ವರ್‌ಗೆ ಸಂಪರ್ಕಿಸುವ ಆಪಲ್‌ಶೇರ್ ಕ್ಲೈಂಟ್ ತಂತ್ರಾಂಶದ ಆವೃತ್ತಿ 3.7 ಅಥವಾ ಅದಕ್ಕಿಂತ ಹೊಸದಿದ್ದರೆ ಟಿಸಿಪಿಯ (ಇಂಟರ್ನೆಟ್ ಬಳಸುವ ಸಂಪರ್ಕ ಪದ್ಧತಿ) 548ನೇ ಪೋರ್ಟ್ ಮೂಲಕವೇ ಸಂಪರ್ಕ ಸಾಧ್ಯ; ಅದಕ್ಕಿಂತ ಹಳೆಯದಾದರೆ ಆಪಲ್‌ಟಾಕ್ ಬೇಕೇ ಬೇಕು. ಅಂಥ ಯಂತ್ರಗಳು ಪಾಸ್‌ವರ್ಡನ್ನು ಬಯಲಾಗಿ ಕಳುಹಿಸಬಹುದಾದ್ದರಿಂದ ಅವನ್ನು ಪ್ರತ್ಯೇಕ ನೆಟ್‌ವರ್ಕ್‌ನಲ್ಲಿಡಿ. ಎಲ್ಲಕ್ಕಿಂತ ಮೊದಲು ಒಂದೇ ಒಂದು ಫಾಂಟನ್ನು ಸರ್ವರ್‌ಗೆ ಹಾಕಿ, ಮ್ಯಾಕ್‌ಗೆ ಮರಳಿ ತಂದು, ಗೆಟ್ ಇನ್ಫೋದಲ್ಲಿ ಅದರ ಗಾತ್ರ ನೋಡಿ. ಅದು ಬದಲಾಗದೆ ಉಳಿದಿದ್ದರೆ ಮಾತ್ರ ಉಳಿದ ಕಡತಗಳನ್ನು ಸಾಗಿಸಿ.