ಕೀನ್ಯಾದ ಹುರುಳಿಕಾಯಿ ಕೊಳ್ಳಬೇಕೇ, ಬಿಡಬೇಕೇ?

ಪ್ರಶ್ನೆ: ನಾನು ಲಂಡನ್ನಿನಲ್ಲಿ ನೆಲೆಸಿದ್ದೇನೆ. ಇಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುವ ಹುರುಳಿಕಾಯಿ ಪೊಟ್ಟಣದ ಮೇಲೆ ಕೀನ್ಯಾದ ಹೆಸರಿರುತ್ತದೆ. ಗುಲಾಬಿಯೂ ಬಹುಪಾಲು ಅಲ್ಲಿಯದೇ. ಬೆಳೆಯುವವರಿಗೆ, ಕೊಯ್ಯುವವರಿಗೆ ಪುಡಿಗಾಸು ಸಿಗುತ್ತದೆ, ವಿಮಾನದಲ್ಲಿ ತರುವುದರಿಂದ ಪರಿಸರಕ್ಕೂ ಕೇಡು, ಆದ್ದರಿಂದ ಕೊಳ್ಳಬೇಡ ಎಂದು ಗೆಳತಿಯರು ಹೇಳುತ್ತಾರೆ. ನಾನು ಕೊಳ್ಳುವುದನ್ನು ಬಿಟ್ಟರೆ ಆ ಜನರಿಗೆ ಒಳ್ಳೆಯದಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಯುರೋಪು ಕೊಳ್ಳುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಕೀನ್ಯಾ ಎರಡು ಸಲ ಕಂಡಿದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶವನ್ನು ಮುಚ್ಚಿತು. ವಿಮಾನಗಳು ನಿಂತವು. ನೈರೋಬಿಯ ಶೀತಲ ಗೋದಾಮುಗಳು ತುಂಬಿ, ಉಳಿದ ಹೂವು ಗೊಬ್ಬರದ ಗುಂಡಿಗೆ ಹೋಯಿತು, ಹುರುಳಿಕಾಯಿ ದನಗಳ ಪಾಲಾಯಿತು. ಸಾವಿರಾರು ದಿನಗೂಲಿಗಳಿಗೆ ನಾಳೆಯಿಂದ ಬರಬೇಡಿ ಎಂದು ಹೇಳಲಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ನೆದರ್ಲೆಂಡ್ಸಿನ ಆಲ್ಸ್‌ಮೀರ್ ಹೂವಿನ ಹರಾಜು ಕುಸಿದಾಗಲೂ ಹೀಗೇ ಆಯಿತು. ಕೀನ್ಯಾದ ನೈವಾಶಾ ಸರೋವರದ ಸುತ್ತಲಿನ ತೋಟಗಳು ಅರಳಿದ ಗುಲಾಬಿಯನ್ನು ಕಿತ್ತೆಸೆದು, ಕೆಲಸಗಾರರನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದವು. ಕರಗಿತ, ಕಮೆರೆಯಂಥ ಬಡಾವಣೆಗಳಲ್ಲಿ ಒಂಟಿ ಕೋಣೆ ಬಾಡಿಗೆಗೆ ಹಿಡಿದು, ದೂರದ ಊರಿನಲ್ಲಿ ಮಕ್ಕಳನ್ನು ಬಿಟ್ಟು ಬಂದಿದ್ದ ಹೆಂಗಸರಿಗೆ ಅಂದಿನ ಊಟವೇ ಕಷ್ಟವಾಯಿತು.

ಹಾಗೆಂದು ಈಗಿರುವ ವ್ಯವಸ್ಥೆ ನ್ಯಾಯವಾಗಿದೆ ಎಂದು ನಾನು ಹೇಳುತ್ತಿಲ್ಲ. ವ್ಯಾಪಾರದ ನಷ್ಟ ಯಾರ ತಲೆಗೆ ಬೀಳುತ್ತದೆ ಎಂಬಲ್ಲಿ ಅನ್ಯಾಯವಿದೆ. ನಿಮ್ಮ ಊರಿನ ಅಂಗಡಿಯವರು ಋತುವಿನ ಆರಂಭದಲ್ಲಿ ವಾರಕ್ಕೆ ಇಷ್ಟು ಬೇಕಾಗಬಹುದು ಎಂಬ ಅಂದಾಜನ್ನಷ್ಟೇ ಕೊಡುತ್ತಾರೆ. ನಿಜವಾದ ಆರ್ಡರ್ ಬರುವುದು ಕೊಯ್ಲಿನ ಹಿಂದಿನ ದಿನ, ಕೆಲವೊಮ್ಮೆ ಅದೇ ದಿನ. ಲಂಡನ್ನಿನಲ್ಲಿ ಬಿಸಿಲು ಬಿದ್ದು ಜನ ಹುರುಳಿಕಾಯಿಯ ಬದಲು ಸಲಾಡ್ ಸೊಪ್ಪು ಕೊಂಡರೆ ಆರ್ಡರ್ ಅರ್ಧಕ್ಕಿಳಿಯುತ್ತದೆ. ಆದರೆ ಗಿಡ ಕಾಯುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಬಿಡಿಸದಿದ್ದರೆ ಕಾಯಿ ದಪ್ಪವಾಗುತ್ತದೆ, 6 ಮಿಲಿಮೀಟರ್ ದಾಟಿದರೆ ಅತ್ಯುತ್ತಮ ದರ್ಜೆಯಿಂದ ಬೀಳುತ್ತದೆ. ರಫ್ತುದಾರನಿಗೆ ವಿಮಾನದ ಬಾಡಿಗೆ ಕಡಿಮೆ ಮಾಡಲು ಬರುವುದಿಲ್ಲ, ಸಾಲದ ಬಡ್ಡಿ ಕಡಿಮೆ ಮಾಡಲು ಬರುವುದಿಲ್ಲ. ಅವನ ಕೈಯಲ್ಲಿ ಹಿಗ್ಗಿಸಲು ಕುಗ್ಗಿಸಲು ಉಳಿಯುವುದು ಕೂಲಿಯೊಂದೇ. ಹೀಗಾಗಿ ಖಾಯಂ ಕೆಲಸಗಾರರು ಕಡಿಮೆ, ಮೂರು ನಾಲ್ಕು ತಿಂಗಳ ಗುತ್ತಿಗೆಯವರು ಹೆಚ್ಚು. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಮುಂಚೆ ರಾತ್ರಿಯವರೆಗೆ ದುಡಿತ, ಅದು ಮುಗಿದ ಮೇಲೆ ಮನೆ ದಾರಿ. ಕೊಯ್ಲು, ವಿಂಗಡಣೆ, ಕಟ್ಟು ಕಟ್ಟುವ ಕೆಲಸದಲ್ಲಿರುವವರು ಹೆಚ್ಚಾಗಿ ಹೆಂಗಸರು. ಗುತ್ತಿಗೆ ಮುಂದುವರಿಯಬೇಕೋ ಬೇಡವೋ ಎಂಬುದು ಮೇಲ್ವಿಚಾರಕನ ಕೈಯಲ್ಲಿರುವಾಗ ಲೈಂಗಿಕ ಕಿರುಕುಳಕ್ಕೂ ಅಲ್ಲೇ ದಾರಿಯಾಗುತ್ತದೆ. ಇದನ್ನು ಕೀನ್ಯಾದ ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಹೇಳುತ್ತ ಬಂದಿವೆ. ಯುರೋಪಿನ ಖರೀದಿದಾರರು ಆಡಿಟ್ ಮಾಡಿಸುತ್ತಾರೆ, ಆಡಿಟರ್ ಶೌಚಾಲಯ ಎಣಿಸುತ್ತಾನೆ, ಕೈಗವಸು ನೋಡುತ್ತಾನೆ. ಆದರೆ ಖರೀದಿದಾರ ತಾನೇ ತಡವಾಗಿ ಆರ್ಡರ್ ಕೊಟ್ಟನೇ ಎಂದು ಯಾವ ಆಡಿಟರ್ ಕೇಳುತ್ತಾನೆ?

ದಕ್ಷಿಣ ಆಫ್ರಿಕದ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 1997ರವರೆಗೆ ಅಲ್ಲಿನ ಹಣ್ಣಿನ ರಫ್ತು ಸರಕಾರಿ ಕಾನೂನಿನ ಬೆಂಬಲವಿದ್ದ ಒಂದೇ ಕೈಯಲ್ಲಿತ್ತು. ಆ ಏಕಸ್ವಾಮ್ಯ ಹೋದ ಮೇಲೆ ನೂರಾರು ರಫ್ತುದಾರರು ಹುಟ್ಟಿಕೊಂಡು, ಕೆಲವೇ ಸೂಪರ್‌ಮಾರ್ಕೆಟ್‌ಗಳ ಬಾಗಿಲಲ್ಲಿ ತಮ್ಮತಮ್ಮಲ್ಲೇ ಪೈಪೋಟಿಗೆ ಬಿದ್ದರು. ಅದೇ ಕಾಲಕ್ಕೆ ವರ್ಣಭೇದದ ಅಂತ್ಯದೊಂದಿಗೆ ಕೃಷಿ ಕಾರ್ಮಿಕರಿಗೆ ಕಾನೂನಿನ ಹಕ್ಕುಗಳು ಬಂದವು. ತೋಟದ ಮಾಲೀಕರು ಮೇಲಿನಿಂದ ಬೆಲೆಯ ಒತ್ತಡ, ಕೆಳಗಿನಿಂದ ಕಾನೂನು, ಎರಡರ ನಡುವೆ ಸಿಕ್ಕಿದರು. ಅವರು ಕಂಡುಕೊಂಡ ಉಪಾಯವೆಂದರೆ ತೋಟದಲ್ಲೇ ಮನೆ ಕೊಟ್ಟಿದ್ದ ಕುಟುಂಬಗಳನ್ನು ಕಡಿಮೆ ಮಾಡಿ, ಮಧ್ಯವರ್ತಿಗಳ ಮೂಲಕ ಹಂಗಾಮಿ ಕೂಲಿಗಳನ್ನು ಕರೆಸುವುದು. 2012ರ ನವೆಂಬರ್‌ನಲ್ಲಿ ದ್ರಾಕ್ಷಿ ಬೆಳೆಯುವ ಡಿ ಡೋರ್ನ್ಸ್‌ನಲ್ಲಿ ಈ ಹಂಗಾಮಿ ಕೂಲಿಗಳೇ ಬೀದಿಗಿಳಿದರು. ಅವರ ಕನಿಷ್ಠ ದಿನಗೂಲಿ 69 ರ‍್ಯಾಂಡ್ ಇತ್ತು, ಕೇಳಿದ್ದು 150. ಮುಷ್ಕರ ಹಲವು ಪಟ್ಟಣಗಳಿಗೆ ಹಬ್ಬಿತು, ಸಾವುಗಳಾದವು. 2013ರ ಮಾರ್ಚ್ 1ರಿಂದ ಸರಕಾರ 105 ರ‍್ಯಾಂಡ್ ನಿಗದಿ ಮಾಡಿತು. ಅಷ್ಟು ದೊಡ್ಡ ಏರಿಕೆಯನ್ನು ಸಂಘಟಿತವೇ ಅಲ್ಲದ ಕೂಲಿಗಳು ಪಡೆದರು ಎಂಬುದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಹಣ್ಣಿನ ಖರೀದಿ ಬೆಲೆ ಅದಕ್ಕೆ ತಕ್ಕಂತೆ ಏರಲಿಲ್ಲ. ಹಲವು ಮಾಲೀಕರು ಮನೆ ಬಾಡಿಗೆ, ವಿದ್ಯುತ್ತಿನ ಹೆಸರಿನಲ್ಲಿ ಕೂಲಿಯಿಂದ ಹಣ ಮುರಿದುಕೊಳ್ಳಲು ತೊಡಗಿದರು, ಖಾಯಂ ಜನರನ್ನು ಇನ್ನಷ್ಟು ಇಳಿಸಿದರು.

ಪರಿಸರದ ಪ್ರಶ್ನೆಗೆ ಬೇಗ ಉತ್ತರಿಸುತ್ತೇನೆ. ಗುಲಾಬಿಯ ವಿಷಯದಲ್ಲಿ ನಿಮ್ಮ ಗೆಳತಿಯರ ವಾದ ನಿಲ್ಲುವುದಿಲ್ಲ. ಸಮಭಾಜಕ ವೃತ್ತದ ಬಳಿ ಬಿಸಿಲೇ ಸಾಕು, ನೆದರ್ಲೆಂಡ್ಸಿನಲ್ಲಿ ಚಳಿಗಾಲದ ಗಾಜಿನ ಮನೆಗೆ ಇಂಧನ ಉರಿಸಿ ಶಾಖ ಕೊಡಬೇಕು. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದ 2007ರ ಲೆಕ್ಕದಲ್ಲಿ ವಿಮಾನಯಾನವನ್ನು ಸೇರಿಸಿಯೂ 12,000 ಕೀನ್ಯಾ ಗುಲಾಬಿಗೆ ಸುಮಾರು 6 ಟನ್ ಇಂಗಾಲದ ಡೈಆಕ್ಸೈಡ್, ಡಚ್ ಗುಲಾಬಿಗೆ ಸುಮಾರು 35 ಟನ್. ಹುರುಳಿಕಾಯಿಗೆ ಈ ಸಮರ್ಥನೆ ಸಲ್ಲದು. ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲೇ ಅದು ಬಯಲಿನಲ್ಲಿ ಬೆಳೆಯುತ್ತದೆ, ಆಗ ಸ್ಥಳೀಯವಾದದ್ದನ್ನೇ ಕೊಳ್ಳಿ.

ಉಳಿದ ತಿಂಗಳುಗಳಲ್ಲಿ ಕೊಳ್ಳಿ, ಜೊತೆಗೆ ಅಂಗಡಿಗೊಂದು ಪತ್ರ ಬರೆಯಿರಿ. ಕಾರ್ಮಿಕರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರೆ ಚೆಂದದ ಕೈಪಿಡಿಯೊಂದು ಬರುತ್ತದೆ. ಅದರ ಬದಲು, ಆರ್ಡರನ್ನು ಎಷ್ಟು ದಿನ ಮುಂಚೆ ಖಚಿತಪಡಿಸುತ್ತೀರಿ, ರದ್ದು ಮಾಡಿದರೆ ಪರಿಹಾರ ಕೊಡುತ್ತೀರಾ ಎಂದು ಕೇಳಿ. ಬ್ರಿಟನ್ನಿನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಮೇಲೆ ಕಣ್ಣಿಡಲು 2013ರಿಂದ ಒಬ್ಬ ಅಧಿಕಾರಿ ಇದ್ದಾರೆ, ಆದರೆ ಆ ನಿಯಮಗಳು ಅಂಗಡಿಗೆ ನೇರವಾಗಿ ಮಾಲು ಕೊಡುವವರನ್ನಷ್ಟೇ ಕಾಯುತ್ತವೆ. ನಡುವೆ ಒಬ್ಬ ಆಮದುದಾರ ಇದ್ದರೆ ಕೀನ್ಯಾದವನು ಹೊರಗುಳಿಯುತ್ತಾನೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ತಂದ ನಿರ್ದೇಶನ ಇದಕ್ಕಿಂತ ಮುಂದಿದೆ: ಬೇಗ ಕೆಡುವ ಮಾಲಿನ ಹಣವನ್ನು 30 ದಿನದೊಳಗೆ ಕೊಡಬೇಕು, ಕೊನೆ ಗಳಿಗೆಯಲ್ಲಿ ಆರ್ಡರ್ ರದ್ದು ಮಾಡುವಂತಿಲ್ಲ, ಮಾರುವವರು ಯುರೋಪಿನ ಹೊರಗಿನವರಾದರೂ ರಕ್ಷಣೆ ಇದೆ. ಬ್ರಿಟನ್ನಿಗೂ ಅಂಥದ್ದು ಬರಲಿ ಎಂದು ನಿಮ್ಮ ಸಂಸದರನ್ನು ಕೇಳುವ ಹಕ್ಕು ಅಲ್ಲಿನ ನಿವಾಸಿಯಾದ ನಿಮಗಿದೆ.

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದು ಕೀನ್ಯಾದಲ್ಲಿ ದೊಡ್ಡ ಗುಲಾಬಿ ತೋಟ ಕೊಂಡಿದೆ ಎಂದು ಹಿಂದೆ ಪತ್ರಿಕೆಗಳಲ್ಲಿ ಓದಿದ್ದೆ. ಅದು ಏನಾಯಿತು?

ಉತ್ತರ: ನೀವು ಕೇಳುತ್ತಿರುವುದು ಕರುತುರಿ ಗ್ಲೋಬಲ್ ಬಗ್ಗೆ. 2007ರಲ್ಲಿ ಅದು ನೈವಾಶಾದ ಶೇರ್ ತೋಟವನ್ನು ಡಚ್ಚರಿಂದ ಕೊಂಡು ಜಗತ್ತಿನ ಅತಿ ದೊಡ್ಡ ಗುಲಾಬಿ ಬೆಳೆಗಾರರ ಸಾಲಿಗೆ ಸೇರಿತು. ಇಥಿಯೋಪಿಯಾದ ಗಂಬೇಲಾದಲ್ಲಿ 1,00,000 ಹೆಕ್ಟೇರ್ ಭೂಮಿಯನ್ನೂ ಗುತ್ತಿಗೆಗೆ ಪಡೆಯಿತು. ಕೀನ್ಯಾದಲ್ಲಿ ವೇತನ ತಡವಾಗಿ ಮುಷ್ಕರಗಳಾದವು, 2014ರ ಫೆಬ್ರವರಿಯಲ್ಲಿ ಸಾಲ ಕೊಟ್ಟ ಬ್ಯಾಂಕು ತೋಟವನ್ನು ವಶಕ್ಕೆ ತೆಗೆದುಕೊಂಡು ಆಡಳಿತಗಾರರನ್ನು ನೇಮಿಸಿತು. ಇಥಿಯೋಪಿಯಾ ಸರಕಾರ 2015ರ ಕೊನೆಗೆ ಗುತ್ತಿಗೆಯನ್ನು ರದ್ದು ಮಾಡಿತು. ಷೇರುದಾರರ ನಷ್ಟದ ಬಗ್ಗೆ ಇಲ್ಲಿ ಸಾಕಷ್ಟು ಬರೆಯಲಾಗಿದೆ. ನೈವಾಶಾದಲ್ಲಿ ಆ ತೋಟಕ್ಕೆ ತನ್ನದೇ ಆಸ್ಪತ್ರೆ, ಶಾಲೆ, ಕಾರ್ಮಿಕರ ಮನೆಗಳು, ರಾಷ್ಟ್ರೀಯ ಲೀಗ್‌ನಲ್ಲಿ ಆಡುತ್ತಿದ್ದ ಫುಟ್‌ಬಾಲ್ ತಂಡ ಎಲ್ಲವೂ ಇದ್ದವು. ಕಂಪನಿ ಕುಸಿದಾಗ ಕೆಲಸಗಾರರಿಗೆ ಕೂಲಿಯೊಂದೇ ಅಲ್ಲ, ಸೂರು, ಔಷಧ, ಮಕ್ಕಳ ಪಾಠ ಎಲ್ಲವೂ ಒಟ್ಟಿಗೇ ತೂಗುಯ್ಯಾಲೆಗೆ ಬಿದ್ದವು. ಮಾಲೀಕ ಯುರೋಪಿನವನಾಗಿರಲಿ, ನಮ್ಮವನಾಗಿರಲಿ, ಇಂಥ ಸವಲತ್ತುಗಳು ಕಂಪನಿಯ ಔದಾರ್ಯದ ಮೇಲೆ ನಿಲ್ಲಬಾರದು, ಸ್ಥಳೀಯ ಸರಕಾರದ ಹೊಣೆಯಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ಕಂಪನಿಗೆ ಮಿಡಿಸೌತೆ ಬೆಳೆದುಕೊಡುತ್ತೇನೆ. ಬೀಜ, ಗೊಬ್ಬರ, ಔಷಧ ಕಂಪನಿಯೇ ಸಾಲವಾಗಿ ಕೊಡುತ್ತದೆ. ವಿದೇಶದವರು ಕೇಳುತ್ತಾರೆ ಎಂದು ವರ್ಷದಿಂದ ವರ್ಷಕ್ಕೆ ನಿಯಮ ಹೆಚ್ಚುತ್ತಿವೆ. ಆಫ್ರಿಕದ ಸಣ್ಣ ರೈತರಿಗೂ ಹೀಗೇ ಆಗಿದೆಯೇ? ಅವರೇನು ಮಾಡಿದರು?

ಉತ್ತರ: ಆಗಿದೆ, ನಿಮಗಿಂತ ಬಿರುಸಾಗಿ. ಕೀನ್ಯಾದ ಮುರಾಂಗಾ, ಕಿರಿನ್ಯಾಗಾ, ಮೇರು, ಮಚಾಕೋಸ್ ಕಡೆ ಎಕರೆಗಿಂತ ಕಡಿಮೆ ನೆಲದಲ್ಲಿ ರಫ್ತಿನ ಹುರುಳಿಕಾಯಿ ಬೆಳೆಯುವವರು ಬಹಳ. 1997ರಲ್ಲಿ ಯುರೋಪಿನ ಚಿಲ್ಲರೆ ವ್ಯಾಪಾರಿಗಳು ಕಟ್ಟಿದ ಯೂರೆಪ್‌ಗ್ಯಾಪ್ ಎಂಬ ಮಾನದಂಡ (2007ರಿಂದ ಗ್ಲೋಬಲ್‌ಗ್ಯಾಪ್) ಕಾನೂನಲ್ಲ, ಖಾಸಗಿ ನಿಯಮ. ಆದರೆ ಅದಿಲ್ಲದೆ ದೊಡ್ಡ ಅಂಗಡಿಗಳ ಬಾಗಿಲು ತೆರೆಯುವುದಿಲ್ಲ. ಔಷಧವಿಡಲು ಬೀಗವಿರುವ ಕೋಣೆ, ಹೊಲದಲ್ಲಿ ಶೌಚಾಲಯ, ನೀರಿನ ಪರೀಕ್ಷೆ, ಪ್ರತಿ ಸಿಂಪಡಣೆಗೂ ದಾಖಲೆ. ನೂರು ಎಕರೆಯವನಿಗೂ ಅರ್ಧ ಎಕರೆಯವನಿಗೂ ಪಟ್ಟಿ ಒಂದೇ. ವಿದೇಶಿ ನೆರವಿನ ಯೋಜನೆಗಳು ಮೊದಲ ವರ್ಷದ ಖರ್ಚು ಕೊಟ್ಟವು, ಯೋಜನೆ ಮುಗಿದ ಮೇಲೆ ನವೀಕರಣಕ್ಕೆ ಹಣವಿಲ್ಲದೆ ಹಲವು ಗುಂಪುಗಳ ಪ್ರಮಾಣಪತ್ರ ಬಿದ್ದುಹೋಯಿತು. ರಫ್ತುದಾರರು ನೂರಾರು ಸಣ್ಣವರ ಬೆನ್ನು ಹತ್ತುವ ಬದಲು ಸ್ವಂತ ತೋಟಗಳತ್ತ ಸರಿದರು.

2013ರಲ್ಲಿ ಇನ್ನೊಂದು ಪೆಟ್ಟು. ಡೈಮೆಥೊಯೇಟ್ ಕೀಟನಾಶಕದ ಉಳಿಕೆ ಸಿಕ್ಕಿತೆಂದು ಯುರೋಪಿಯನ್ ಒಕ್ಕೂಟ ಕೀನ್ಯಾದ ಹುರುಳಿಕಾಯಿ, ಬಟಾಣಿ ರವಾನೆಗಳ ಶೇ. 10ರಷ್ಟನ್ನು ತಪಾಸಣೆಗೆ ಒಳಪಡಿಸಿತು. ತಪಾಸಣೆಯ ಖರ್ಚು, ವಿಳಂಬ, ತಿರಸ್ಕಾರ ಎಲ್ಲವೂ ಕೊನೆಗೆ ಇಳಿದದ್ದು ರೈತನಿಗೆ ಕೊಡುವ ದರಕ್ಕೆ. ತಿನ್ನುವವರ ಆರೋಗ್ಯ ಮುಖ್ಯ, ಔಷಧ ಹೊಡೆಯುವವನ ಆರೋಗ್ಯವೂ ಅಷ್ಟೇ ಮುಖ್ಯ, ಆದ್ದರಿಂದ ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಪಾಲಿಸುವ ಖರ್ಚನ್ನು ಕೇಳಿದವರು ಹಂಚಿಕೊಳ್ಳುವುದಿಲ್ಲ ಎಂಬುದಕ್ಕೆ ತಕರಾರಿದೆ.

ಸ್ವಂತ ತೋಟಗಳತ್ತ ಸರಿದದ್ದರಿಂದ ಬಡವರಿಗೆಲ್ಲ ಕೇಡಾಯಿತು ಎಂದರೂ ತಪ್ಪಾಗುತ್ತದೆ. ಸೆನೆಗಲ್‌ನಲ್ಲಿ ಹುರುಳಿಕಾಯಿ ರಫ್ತು ಗುತ್ತಿಗೆ ರೈತರಿಂದ ಕಂಪನಿ ತೋಟಗಳಿಗೆ ಹೊರಳಿದಾಗ, ಗುತ್ತಿಗೆ ಪಡೆಯುವಷ್ಟೂ ನೆಲ ಇಲ್ಲದ ಅತಿ ಬಡ ಮನೆಗಳಿಗೆ ಕೂಲಿಯ ಆದಾಯ ಬಂತು ಎಂದು ಸಂಶೋಧಕರು ತೋರಿಸಿದ್ದಾರೆ. ಗುತ್ತಿಗೆ ಬೇಸಾಯದ ಒಳಗೂ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಮೇರುವಿನಲ್ಲಿ ತರಕಾರಿ ಹೆಂಗಸರ ಬೆಳೆಯಾಗಿತ್ತು. ರಫ್ತಿನ ಹಣ ಬರತೊಡಗಿದ ಮೇಲೆ ನೆಲವೂ ಹಣವೂ ಗಂಡಸರ ಕೈ ಸೇರಿ, ಕಳೆ ಕೀಳುವ, ಬಿಡಿಸುವ ದುಡಿಮೆ ಹೆಂಗಸರಿಗೇ ಉಳಿಯಿತು. ನಿಮ್ಮಲ್ಲೂ ಸಣ್ಣ ಮಿಡಿಯನ್ನು ಬಗ್ಗಿ ಬಿಡಿಸುವವರು ಯಾರು, ಹಣ ಯಾರ ಖಾತೆಗೆ ಬರುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.

ಉಳಿದುಕೊಂಡವರು ಏನು ಮಾಡಿದರು ಎಂದು ಕೇಳಿದ್ದೀರಿ. ಮುಖ್ಯವಾಗಿ, ಗುಂಪು ಕಟ್ಟಿದರು. ಗ್ಲೋಬಲ್‌ಗ್ಯಾಪ್‌ನಲ್ಲಿ ಗುಂಪಿಗೆ ಒಂದೇ ಪ್ರಮಾಣಪತ್ರ ಪಡೆಯುವ ಅವಕಾಶವಿದೆ. ಔಷಧದ ಕೋಣೆ, ತೂಕ, ದಾಖಲೆ ಬರೆಯುವವನ ಸಂಬಳ ಎಲ್ಲವನ್ನೂ ಹಂಚಿಕೊಳ್ಳಬಹುದು. ಆದರೆ ಪ್ರಮಾಣಪತ್ರ ರಫ್ತುದಾರನ ಹೆಸರಿನಲ್ಲಿದ್ದ ಕಡೆ ರೈತರು ಅವನಿಗೇ ಕಟ್ಟುಬಿದ್ದರು, ಗುಂಪಿನ ಹೆಸರಿನಲ್ಲಿದ್ದ ಕಡೆ ಬೇರೆಯವರಿಗೂ ಮಾರುವ ಅವಕಾಶ ಉಳಿಯಿತು. ಇನ್ನು ಹಲವರು ಆವಕಾಡೊದಂಥ ಮರದ ಬೆಳೆಗೆ ಹೊರಳಿದರು. ಅದು ಹಡಗಿನಲ್ಲಿ ಹೋಗುತ್ತದೆ, ಹುರುಳಿಕಾಯಿಯಂತೆ ದಿನದ ಲೆಕ್ಕದಲ್ಲಿ ಕೆಡುವುದಿಲ್ಲ.

ನೀವು ಮುಂದಿನ ಹಂಗಾಮಿನ ಕರಾರಿಗೆ ಸಹಿ ಹಾಕುವ ಮುನ್ನ ನಾಲ್ಕು ವಿಷಯಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ದರ್ಜೆ ವಿಂಗಡಣೆ ಎಲ್ಲಿ, ಯಾರ ಎದುರಿಗೆ ನಡೆಯುತ್ತದೆ. ಮಾಲನ್ನು ತಿರಸ್ಕರಿಸಿದರೆ ಎಷ್ಟು ಗಂಟೆಯೊಳಗೆ ಕಾರಣ ತಿಳಿಸುತ್ತಾರೆ. ಅವರೇ ಕೊಟ್ಟ ಔಷಧದ ಉಳಿಕೆಯಿಂದ ಮಾಲು ತಿರಸ್ಕೃತವಾದರೆ ನಷ್ಟ ಯಾರದು. ಕಂಪನಿ ಖರೀದಿಯನ್ನು ನಡುವೆ ನಿಲ್ಲಿಸಿದರೆ ಬೀಜ, ಗೊಬ್ಬರದ ಸಾಲ ಏನಾಗುತ್ತದೆ. ಒಬ್ಬರೇ ಕೇಳಿದರೆ ಹಾರಿಕೆಯ ಉತ್ತರ ಸಿಗಬಹುದು, ಆದ್ದರಿಂದ ನಿಮ್ಮ ಊರಿನಲ್ಲಿ ಅದೇ ಕಂಪನಿಗೆ ಬೆಳೆಯುವವರೆಲ್ಲ ಒಟ್ಟಾಗಿ, ಬೀಜ ಪಡೆಯುವ ಮೊದಲೇ ಕೇಳಿ. ಬೀಜ ನೆಲಕ್ಕೆ ಬಿದ್ದ ಮೇಲೆ ಚೌಕಾಸಿಗೆ ನಿಮ್ಮ ಬಳಿ ಏನೂ ಇರುವುದಿಲ್ಲ.