‘ನಮ್ಮ ಹೊಳೆ ಯಾವುದಜ್ಜಿ?’

ಕೊಡಗಿನ ಶಾಂತಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ಮಗ, ಸೊಸೆ ಕಳೆದ ವರ್ಷ ಜನವರಿಯಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ಗೆ ಹೋದರು. ಸೊಸೆ ನರ್ಸ್. ಮೊಮ್ಮಗಳನ್ನೂ ಕರೆದುಕೊಂಡು ಹೋದರು. ಈಗ ಅವಳಿಗೆ ಹದಿನೈದು. ಮೊದಲ ಮೂರು ತಿಂಗಳು ದಿನಾ ಅಳುತ್ತಿದ್ದಳು. ಈಗ ನೋಡಿದರೆ ಸ್ಕೂಲು ಬಿಟ್ಟು ಬೇರೆ ಮಾತಿಲ್ಲ. ಹಾಕಿ ಟೀಮಂತೆ, ನಾಟಕವಂತೆ, ಅಡುಗೆ ಕ್ಲಾಸಂತೆ. ಹುತ್ತರಿ ಸುಗ್ಗಿ ಹಬ್ಬಕ್ಕೂ ಬರಲಿಲ್ಲ. ಶನಿವಾರ ಬೆಳಗ್ಗೆ ಆರೂವರೆಗೆ ನಾನೇ ಫೋನ್ ಮಾಡುತ್ತೇನೆ, ಎರಡು ಮಾತಾಡಿ ಇಡುತ್ತಾಳೆ. ಮೊನ್ನೆ ಅವಳೇ ಫೋನ್ ಮಾಡಿ ‘ಅಜ್ಜಿ, ನಮ್ಮ ಬೆಟ್ಟ ಯಾವುದು, ನಮ್ಮ ಹೊಳೆ ಯಾವುದು’ ಅಂತ ಕೇಳಿದಳು. ಪುಷ್ಪಗಿರಿ, ಹಾರಂಗಿ ಅಂದೆ. ಬರೆದುಕೊಂಡು ಇಟ್ಟಳು. ಹುಟ್ಟಿದ ಊರಿನ ಹೊಳೆಯೂ ಮರೆತುಹೋಯಿತಲ್ಲ ಅಂತ ಸಂಕಟವಾಯಿತು. ಪಿಯುಸಿಗೆ ಇಲ್ಲಿಗೆ ಕಳಿಸು ಅಂತ ಮಗನಿಗೆ ಹೇಳಿದೆ. ಅದನ್ನು ಕೇಳಿ ಅವಳು ಅತ್ತಳಂತೆ. ನಾನು ಹೇಳಿದ್ದು ತಪ್ಪಾ?”

ಅಮ್ಮಾ, ಬೆಟ್ಟ ಹೊಳೆ ವಿಷಯದಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಅವಳು ಮರೆತು ಕೇಳಿದ್ದಲ್ಲ ಅದು.

ನ್ಯೂಜಿಲೆಂಡಿನ ಮೂಲ ಜನ ಮಾವೊರಿಗಳು. ಅವರ ಭಾಷೆಗೆ 1987ರಲ್ಲಿ ಅಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. ಅವರಲ್ಲಿ ಪರಿಚಯ ಹೇಳಿಕೊಳ್ಳುವ ಒಂದು ಕ್ರಮ ಇದೆ, ಪೆಪೆಹಾ ಅಂತ ಅದರ ಹೆಸರು. ಎದ್ದು ನಿಂತವರು ಮೊದಲು ತಮ್ಮ ಹೆಸರು ಹೇಳುವುದಿಲ್ಲ. ನನ್ನ ಬೆಟ್ಟ ಇದು, ನನ್ನ ಹೊಳೆ ಇದು, ನನ್ನ ಹಿರಿಯರು ಇವರು ಅಂತ ಹೇಳಿಕೊಂಡು ಬರುತ್ತಾರೆ. ಹೆಸರು ಬರುವುದು ಕೊನೆಗೆ. ಅಲ್ಲಿನ ಶಾಲೆಗಳಲ್ಲಿ ಇದನ್ನು ಮಕ್ಕಳಿಗೆ ಹೇಳಿಕೊಡುತ್ತಾರೆ. ಹೊರಗಿನಿಂದ ಬಂದ ಮಕ್ಕಳು ತಮ್ಮ ಊರಿನ ಬೆಟ್ಟ, ಹೊಳೆ ಹೇಳುತ್ತಾರೆ.

ನಮ್ಮಲ್ಲೂ ಹಾಗೇ ಅಲ್ವಾ? ಸೋಮವಾರಪೇಟೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಹೆಸರು ಎಲ್ಲಿ ಕೇಳುತ್ತಾರೆ? ‘ಯಾವೂರು? ಯಾರ ಮನೆ?’ ಅಂತಾರೆ. ಊರು, ಮನೆ ಗೊತ್ತಾದ ಮೇಲೆ ಹೆಸರು ಕೇಳಿದರೆ ಕೇಳಿದರು, ಇಲ್ಲದಿದ್ದರೆ ಇಲ್ಲ.

ಹ್ಯಾಮಿಲ್ಟನ್ ಊರಿನ ನಡುವೆಯೇ ವೈಕಾಟೊ ಹೊಳೆ ಹರಿಯುತ್ತದೆ. ಆ ದೇಶದಲ್ಲೇ ಉದ್ದದ ಹೊಳೆ ಅದು, 425 ಕಿಲೋಮೀಟರ್. ಅಂಥ ಹೊಳೆ ಕಣ್ಣೆದುರಿಗೇ ಇದ್ದರೂ ಅವಳು ನಿಮಗೆ ಫೋನ್ ಮಾಡಿ ಹಾರಂಗಿ ಅಂತ ಬರೆದುಕೊಂಡಳು. ತರಗತಿಯಲ್ಲಿ ನಿಂತು ಏನು ಹೇಳಿರಬಹುದು, ಯೋಚಿಸಿ. ಪುಷ್ಪಗಿರಿ ಅಂದಿರುತ್ತಾಳೆ, ಹಾರಂಗಿ ಅಂದಿರುತ್ತಾಳೆ. ಹಿರಿಯರು ಅನ್ನುವಾಗ ನಿಮ್ಮ ಹೆಸರನ್ನೂ ಹೇಳಿರಬಹುದು.

ಇನ್ನು ಫೋನಿನ ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮೊಮ್ಮಗಳ ಜಾಗದಲ್ಲಿ ನಾನೂ ಇದ್ದೆ.

ಹತ್ತನೇ ತರಗತಿ ಮುಗಿಸಿ ಭಾಗಮಂಡಲ ಕಡೆಯ ನಮ್ಮ ಹಳ್ಳಿಯಿಂದ ಮೈಸೂರಿನ ಹಾಸ್ಟೆಲಿಗೆ ಹೋದೆ. ಮೈಸೂರು ಏನು ವಿದೇಶ ಅಲ್ಲ. ಆದರೆ ಮಳೆಗಾಲದಲ್ಲಿ ಮನೆ ಬಿಟ್ಟು ಹೋದ ಹುಡುಗಿಗೆ ಆ ಬಿಸಿಲೇ ಬೇರೆ ದೇಶದ ಹಾಗಿತ್ತು. ಒಂದು ತಿಂಗಳು ಅತ್ತೆ. ಆಮೇಲೆ ನಿಧಾನಕ್ಕೆ ಹಿಡಿಸಿತು. ಸೈಕಲ್ ಕಲಿತೆ. ಭಾನುವಾರದ ಬಿಸಿಬೇಳೆಬಾತಿಗೆ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದೆ. ದಸರಾ ರಜೆಗೆ ಮನೆಗೆ ಬಂದಾಗ ಅಮ್ಮ ಕಡುಬು, ಕೋಳಿ ಸಾರು ಮಾಡಿ ಕಾದಿದ್ದರು. ಸೌಟು ಕೈಯಲ್ಲೇ ಇತ್ತು. ‘ಹಾಸ್ಟೆಲ್ ಊಟ ಹೇಗಿದೆ?’ ಅಂದರು. ಅವರ ಮುಖ ನೋಡಿದೆ. ‘ಚೆನ್ನಾಗಿಲ್ಲಮ್ಮ, ಸಾರೆಲ್ಲ ನೀರು ನೀರು’ ಅಂದೆ. ಅಮ್ಮನ ಮುಖ ಅರಳಿತು, ಇನ್ನೆರಡು ಕಡುಬು ಹಾಕಿದರು.

ಅವತ್ತಿನಿಂದ ಅಮ್ಮನಿಗೆ ಬರೆದ ಪತ್ರದಲ್ಲೆಲ್ಲ ಬರೀ ದೂರು. ಖುಷಿಯೆಲ್ಲ ಗೆಳತಿಯರ ಪಾಲು. ಬರೆಯಲು ದೂರು ಸಿಗದ ವಾರ ಪತ್ರ ಅರ್ಧ ಪುಟಕ್ಕೇ ನಿಲ್ಲುತ್ತಿತ್ತು. ನಾನು ಸೈಕಲ್ ಹೊಡೆಯುತ್ತೇನೆ ಅಂತ ಅಮ್ಮನಿಗೆ ಎರಡು ವರ್ಷ ಆದಮೇಲೆ ಬೇರೆಯವರಿಂದ ಗೊತ್ತಾಯಿತು. ‘ನನಗೆ ಯಾಕೆ ಹೇಳಲಿಲ್ಲ?’ ಅಂದರು, ಅಷ್ಟೇ. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ನಿಮ್ಮ ಮೊಮ್ಮಗಳು ಎರಡು ಮಾತಾಡಿ ಫೋನ್ ಇಡುವುದಕ್ಕೆ ಇದೇ ಕಾರಣ ಅಂತ ನನಗೆ ಅನಿಸುತ್ತದೆ. ಅವಳ ಹತ್ತಿರ ಈಗ ಇರುವುದು ಬರೀ ಸಂತೋಷದ ಸುದ್ದಿ. ಅದನ್ನು ಹೇಳಿದರೆ ಅಜ್ಜಿಗೆ ನೋವಾಗುತ್ತದೆ ಅಂತ ಅವಳಿಗೆ ಗೊತ್ತು. ‘ಯಾವಾಗ ಬರ್ತೀಯ’ ಅನ್ನುವ ಪ್ರಶ್ನೆಗೆ ಅವಳ ಕೈಯಲ್ಲಿ ಉತ್ತರ ಇಲ್ಲ. ಟಿಕೆಟ್ ತೆಗೆಯುವವರು ಅಪ್ಪ ಅಮ್ಮ. ಹಾಗಾಗಿ ಇನ್ನು ಮೇಲೆ ಆ ಪ್ರಶ್ನೆ ಬೇಡ. ‘ಯಾರ ಜೊತೆ ಊಟಕ್ಕೆ ಕೂತೆ? ನಾಟಕದಲ್ಲಿ ನಿನ್ನದು ಯಾವ ಪಾತ್ರ? ಗೋಲು ಹೊಡೆದವರು ಯಾರು?’ ಅಂತ ಕೇಳಿ ನೋಡಿ.

ಹೊತ್ತಿನ ವಿಷಯವೂ ಇದೆ. ನಮಗಿಂತ ಅಲ್ಲಿ ಆರೂವರೆ ಗಂಟೆ ಮುಂದೆ. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಮೊದಲವರೆಗೆ ಏಳೂವರೆ. ನಿಮ್ಮ ಶನಿವಾರದ ಆರೂವರೆ ಅಂದರೆ ಈಗ ಅವಳಿಗೆ ಮಧ್ಯಾಹ್ನ ಒಂದು ಗಂಟೆ. ಶನಿವಾರ ಮ್ಯಾಚ್ ಇರುತ್ತದೆ ಅಂತ ಪತ್ರದ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ! ಶೂ ಕಟ್ಟುತ್ತಲೋ, ಮೈದಾನದ ಬದಿಯಲ್ಲಿ ನಿಂತೋ ಫೋನ್ ಎತ್ತಿರುತ್ತಾಳೆ. ಶಾಲೆ ಇರುವ ದಿನ ನಮ್ಮ ಬೆಳಗಿನ ಹತ್ತು ಗಂಟೆಗೆ ಮಾಡಿ. ಅವಳು ಶಾಲೆ ಮುಗಿಸಿ ಬಂದಿರುತ್ತಾಳೆ.

ಹಾಕಿ ಹುಚ್ಚು ಹಿಡಿಯಿತು ಅಂತ ಬೇಸರ ಮಾಡಿಕೊಳ್ಳಬೇಡಿ. 1997ರಲ್ಲಿ ಕರಡದಲ್ಲಿ 60 ಕೊಡವ ಕುಟುಂಬಗಳು ಸೇರಿ ಶುರು ಮಾಡಿದ ಹಾಕಿ ಹಬ್ಬ ಇವತ್ತು ಎಷ್ಟು ದೊಡ್ಡದಾಗಿದೆ ಅಂತ ನಿಮಗೂ ಗೊತ್ತು. ಅಜ್ಜ, ಮೊಮ್ಮಗಳು ಒಂದೇ ಟೀಮಿನಲ್ಲಿ ಆಡುವ ಆಟ ಅದು. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ನೋಡುತ್ತಾ ಬೆಳೆದ ಹುಡುಗಿ ಅವಳು. ಅಲ್ಲಿನ ಇಂಗ್ಲಿಷ್ ಕಿವಿಗೆ ಹತ್ತದೆ ಒಬ್ಬಳೇ ಕೂತಿದ್ದಾಗ ಅವಳ ಕೈಗೆ ಸಿಕ್ಕಿದ್ದು ಹಾಕಿ ಸ್ಟಿಕ್. ‘ಪಾಸ್ ಕೊಡು’ ಅನ್ನುವುದು ಮಾತು ಬಾರದಿದ್ದರೂ ಅರ್ಥವಾಗುತ್ತದೆ. ಕೊಡಗಿನ ಆಟವೇ ಅವಳನ್ನು ಆ ಶಾಲೆಯೊಳಗೆ ಸೇರಿಸಿತು ಅಂತ ನಾನು ಅಂದುಕೊಳ್ಳುತ್ತೇನೆ.

ಪಿಯುಸಿಗೆ ಕರೆಸುವ ವಿಷಯ. ನೀವು ಕೇಳಿದ್ದನ್ನು ತಪ್ಪು ಅನ್ನಲಾರೆ. ಆದರೆ ಅವಳನ್ನು ಒಂದು ಮಾತು ಕೇಳದೆ ಮಗನಿಗೆ ಹೇಳಿದ್ದು ಅವಸರವಾಯಿತು. ಮೂರು ತಿಂಗಳು ಅತ್ತು, ಕಷ್ಟಪಟ್ಟು ಕಟ್ಟಿಕೊಂಡ ಸ್ನೇಹ, ಟೀಮು ಎಲ್ಲ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡು ಅಂದಂತೆ ಅವಳಿಗೆ ಕೇಳಿಸಿರುತ್ತದೆ. ಲೆಕ್ಕವೂ ಸುಲಭ ಇಲ್ಲ. ಅಲ್ಲಿ ಶಾಲೆಯ ವರ್ಷ ಮುಗಿಯುವುದು ಡಿಸೆಂಬರಿಗೆ, ಇಲ್ಲಿ ಪಿಯು ತರಗತಿ ಶುರುವಾಗುವುದು ಜೂನ್ ಹೊತ್ತಿಗೆ. ನಡುವೆ ಅರ್ಧ ವರ್ಷ ಸುಮ್ನೆ ಹೋಗುತ್ತದೆ. ಅಲ್ಲಿ ಓದಿದ್ದು ನಮ್ಮ ಹತ್ತನೇ ತರಗತಿಗೆ ಸಮ ಅಂತ ಒಪ್ಪಿಸಿಕೊಳ್ಳುವ ಓಡಾಟ ಬೇರೆ. ಅವಳೇ ಬರುತ್ತೇನೆ ಅಂದರೆ ಇದೆಲ್ಲ ಮಾಡಬಹುದು. ಬಲವಂತಕ್ಕೆ ಮಾಡುವ ಕೆಲಸ ಅಲ್ಲ.

ಅವಳು ಮುಂದೆ ಅಲ್ಲೇ ಉಳಿದುಬಿಟ್ಟರೆ ಅನ್ನುವುದು ನಿಮ್ಮ ಭಯ. ಪತ್ರದಲ್ಲಿ ಬರೆಯದಿದ್ದರೂ ನನಗೆ ಕಾಣಿಸಿತು. ಹಾಗೆ ಆಗುವುದಿಲ್ಲ ಅಂತ ನಾನು ಹೇಳಲಾರೆ. ಅಷ್ಟು ದೊಡ್ಡ ಮನೆಯಲ್ಲಿ ಸಂಜೆ ಒಬ್ಬರೇ ಕಾಫಿ ಕುಡಿಯುವವರ ಸಂಕಟಕ್ಕೆ ಮಾತಿನಲ್ಲಿ ಮದ್ದಿಲ್ಲ.

ಆದರೆ ಹುತ್ತರಿಗೆ ಬರಲಿಲ್ಲ ಅಂತ ಅವಳ ಮೇಲೆ ಬೇಸರ ಬೇಡ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಹುತ್ತರಿ ಬರುವಾಗ ಅಲ್ಲಿ ಶಾಲೆ ಇನ್ನೂ ನಡೆಯುತ್ತಿರುತ್ತದೆ. ಡಿಸೆಂಬರ್ ನಡುವಿನಿಂದ ಜನವರಿ ಕೊನೆವರೆಗೆ ದೊಡ್ಡ ರಜೆ. ನಿಮ್ಮಲ್ಲಿ ಆಗ ಅರೇಬಿಕಾ ಕೊಯ್ಲು, ಕಣದ ತುಂಬಾ ಕಾಫಿ. ಆ ದಿನಗಳಿಗೆ ಕಳಿಸು ಅಂತ ಮಗನಿಗೆ ಈಗಲೇ ಹೇಳಿ. ಹುತ್ತರಿಯ ಕದಿರು ಒಂದಿಷ್ಟು ಅವಳಿಗೆ ಅಂತ ಎತ್ತಿಡಿ. ಅಷ್ಟರೊಳಗೆ ನಿಮ್ಮ ಅಕ್ಕಿ ರೊಟ್ಟಿ ಮಾಡುವ ಕ್ರಮ ಕೈಯಲ್ಲೇ ಕನ್ನಡದಲ್ಲಿ ಬರೆದು ಕಳಿಸಿ, ಅವಳ ಅಡುಗೆ ಕ್ಲಾಸಿಗೆ. ಅನ್ನ ಎಷ್ಟು, ಹಿಟ್ಟು ಎಷ್ಟು, ಹೇಗೆ ನಾದಬೇಕು, ಎಲ್ಲ. ಓದಿ ಅರ್ಥವಾಗದ್ದನ್ನು ಕೇಳಲು ಅವಳೇ ಫೋನ್ ಮಾಡುತ್ತಾಳೆ.

ಇನ್ನೊಂದು. ನೀವು ಅವಳಿಗೆ ಒಂದೇ ಹೊಳೆ ಹೇಳಿದ್ದೀರಿ. ಪುಷ್ಪಗಿರಿ ಬೆಟ್ಟಗಳಲ್ಲಿ ಹುಟ್ಟಿದ ಹಾರಂಗಿ ಪೂರ್ವಕ್ಕೆ ಇಳಿದು ಕೂಡಿಗೆಯಲ್ಲಿ ಕಾವೇರಿ ಸೇರುತ್ತದೆ. ಆದರೆ ನಿಮ್ಮ ಶಾಂತಳ್ಳಿ ಪಕ್ಕದ ಮಲ್ಲಳ್ಳಿಯಲ್ಲಿ ಧುಮುಕುವ ಕುಮಾರಧಾರಾ ಹೊಳೆಯೂ ಆ ಬೆಟ್ಟಗಳದ್ದೇ. ಅದು ಪಶ್ಚಿಮಕ್ಕೆ ಹೋಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಅವಳಿಗೆ ಅದನ್ನೂ ಬರೆಸಿ. ಹಾಗೇ ಅವಳು ತರಗತಿಯಲ್ಲಿ ಹೇಳಿದ ಪೆಪೆಹಾವನ್ನು ಫೋನಿನಲ್ಲಿ ಒಮ್ಮೆ ಹೇಳಿಸಿಕೊಳ್ಳಿ. ಅವಳು ಏನು ಹೇಳಿದಳು ಅಂತ ನಮಗೂ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕಿ