ಹಿಂಸೆ ಅನುಭವಿಸಿದವರಿಗೆ ಯೋಗ ಹೇಳಿಕೊಡುವುದು ಹೇಗೆ?

ಮನೆಯಲ್ಲಿ ವರ್ಷಗಟ್ಟಲೆ ಹೊಡೆತ ತಿಂದ ಒಬ್ಬರು ನಿಮ್ಮ ಕ್ಲಾಸಿಗೆ ಬರುತ್ತಾರೆ, ಶವಾಸನ ಅಂದ ಕೂಡಲೇ ಎದ್ದು ಕೂತುಬಿಡುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಯೋಗ ಹೇಳಿಕೊಡುವವಳೇ. ಮೊದಲು ಅವರನ್ನು ಕೂರಲು ಬಿಡಿ. ಅಂಗಾತ ಮಲಗಿ, ಕಣ್ಣು ಮುಚ್ಚಿ, ಪಕ್ಕದಲ್ಲಿ ಯಾರೋ ನಡೆದಾಡುವ ಸದ್ದು ಕೇಳುತ್ತಾ ಇರುವುದು ನಮಗೆ ವಿಶ್ರಾಂತಿ, ಅವರಿಗೆ ದಿಗಿಲು. ಗೋಡೆಗೆ ಒರಗಬಹುದು, ಮಗ್ಗುಲಾಗಿ ಮಲಗಬಹುದು, ಕಣ್ಣು ತೆರೆದೇ ಇರಬಹುದು ಅಂತ ಇಡೀ ಕ್ಲಾಸಿಗೇ ಹೇಳಿ. ಅವರೊಬ್ಬರಿಗೇ ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅಲ್ವಾ?

ನಾವೆಲ್ಲ ಕಲಿತದ್ದೇ "ಬಗ್ಗಿ, ಇನ್ನೂ ಬಗ್ಗಿ, ಬಿಡಬೇಡಿ" ಅನ್ನುವ ಹುಕುಂ. ತನ್ನ ಮೈ ಮೇಲೆ ಬೇರೆಯವರ ದರ್ಬಾರು ಕಂಡವರಿಗೆ ಇನ್ನೊಂದು ಹುಕುಂ ಬೇಡ. "ಕೈ ಎತ್ತಬಹುದು, ಭುಜದವರೆಗೆ ಸಾಕು ಅನ್ನಿಸಿದರೆ ಅಲ್ಲೇ ಇರಲಿ" ಅನ್ನಿ. ಭಂಗಿ ಸೊಟ್ಟಗಿದ್ದರೆ ಇರಲಿ ಬಿಡಿ.

ತಿದ್ದಲು ಅಂತ ಮುಟ್ಟಲೇಬೇಡಿ. "ಮುಟ್ಟಲಾ?" ಅಂತ ಕೇಳಿದರೂ, ಮೇಡಂ ಕೇಳಿದ್ದಕ್ಕೆ ಬೇಡ ಅನ್ನಲು ನಮ್ಮಲ್ಲಿ ಎಷ್ಟು ಜನಕ್ಕೆ ಬಾಯಿ ಬರುತ್ತದೆ? ನಿಮ್ಮ ಮ್ಯಾಟ್ ಮೇಲೆ ನೀವೇ ಮಾಡಿ ತೋರಿಸಿ. ಬೆನ್ನ ಹಿಂದೆ ಓಡಾಡಬೇಡಿ. ಬಾಗಿಲು ಕಾಣುವ ಜಾಗ ಅವರಿಗಿರಲಿ. ಫ್ಯಾನ್ ಹಾಕಲು ಏಳುವಾಗಲೂ ಹೇಳಿ ಏಳಿ.

ಭಸ್ತ್ರಿಕಾ, ಕಪಾಲಭಾತಿಯಂಥ ಜೋರು ಉಸಿರಾಟ, ಉಸಿರು ಕಟ್ಟಿ ಹಿಡಿಯುವ ಕುಂಭಕ ಸದ್ಯಕ್ಕೆ ಬೇಡ. ಉಸಿರು ಜೋರಾದರೆ, ಕಟ್ಟಿದರೆ ಹೆದರಿದಾಗ ಆಗುವಂಥದ್ದೇ ಮೈಯಲ್ಲಿ ಆಗಬಹುದು. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುವುದರಿಂದ ಶುರು ಮಾಡಿ.

ಇದರಿಂದ ಉಪಯೋಗ ಇದೆಯಾ ಅಂದರೆ, ಇದೆ. ಅಮೆರಿಕದ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಚಿಕಿತ್ಸೆಗೆ ಸುಲಭವಾಗಿ ಬಗ್ಗದ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ) ಇದ್ದ 64 ಹೆಂಗಸರು, 10 ವಾರ, ವಾರಕ್ಕೊಂದು ಕ್ಲಾಸು. ಕೊನೆಗೆ ಲೆಕ್ಕಕ್ಕೆ ಸಿಕ್ಕವರ ಪೈಕಿ, ಯೋಗ ಮಾಡಿದ 31 ಜನರಲ್ಲಿ 16 ಜನಕ್ಕೆ ಆ ಕಾಯಿಲೆಯ ಮಾನದಂಡ ಅನ್ವಯಿಸುತ್ತಿರಲಿಲ್ಲ. ಆರೋಗ್ಯದ ಪಾಠ ಮಾತ್ರ ಕೇಳಿದ 29 ಜನರಲ್ಲಿ ಹಾಗಾದವರು 6. ಚಿಕ್ಕ ಅಧ್ಯಯನ, ನಿಜ. ಅರ್ಧಕ್ಕರ್ಧ ಜನಕ್ಕೆ ಕಾಯಿಲೆ ಉಳಿದೇ ಇತ್ತು ಅನ್ನುವುದೂ ನೆನಪಿರಲಿ. ಯೋಗದಿಂದ ಎಲ್ಲಾ ವಾಸಿ ಅನ್ನುವವರನ್ನು ಕಂಡರೆ ನನಗಾಗದು.

ನಿಮ್ಮ ಕ್ಲಾಸಿಗೆ ಬಂದ ಆಕೆಯ ಕಥೆ ಕೆದಕಬೇಡಿ. ತಾವಾಗೇ ಹೇಳಿಕೊಂಡರೆ ಕೇಳಿಸಿಕೊಂಡು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ. ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ಹೊಡೆತ ಈಗಲೂ ನಡೀತಿದ್ದರೆ ಮಹಿಳಾ ಸಹಾಯವಾಣಿ 181.